ಅರಿವು ಕೇಂದ್ರದ ಟಿ.ವಿ. ಮತ್ತು ಮನೆಯ ಖಾತೆ: ವಿಡಿಯೊ ಸೇವೆಗಳ ಸುರಕ್ಷಿತ ಬಳಕೆ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕುಡಿಯುವ ನೀರು, ರಸ್ತೆ, ಉದ್ಯೋಗ ಖಾತರಿ ಕಾಮಗಾರಿಗಳ ನಡುವೆ ಟಿ.ವಿ. ಖಾತೆಯ ವಿಷಯವನ್ನು ಚರ್ಚಿಸುವ ಅಗತ್ಯವೇನು ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಗ್ರಾಮ ಪಂಚಾಯತಿ ಗ್ರಂಥಾಲಯಗಳು ಇಂದು ಅರಿವು ಕೇಂದ್ರಗಳಾಗಿವೆ. ಅವುಗಳಲ್ಲಿ ಅನೇಕ ಕಡೆ ಇಂಟರ್ನೆಟ್ ಸಂಪರ್ಕವುಳ್ಳ ಟಿ.ವಿ. ಇದೆ. ಸಂಜೆ ಅದರ ಮುಂದೆ ಕುಳಿತುಕೊಳ್ಳುವವರು ನಮ್ಮ ಊರಿನ ಮಕ್ಕಳು. ಆ ಟಿ.ವಿ.ಯಲ್ಲಿ ಯಾರ ಖಾತೆ ತೆರೆದಿದೆ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳುವುದೇ ಇಲ್ಲ.

ಈ ವಿಷಯದಲ್ಲಿ ಮೊದಲು ತಪ್ಪಿದವನು ನಾನೇ. ಕೆಲವು ವರ್ಷಗಳ ಹಿಂದೆ ಒಂದು ಗ್ರಾಮದ ಗ್ರಂಥಾಲಯದಲ್ಲಿ ಕೃಷಿ ವಿಡಿಯೊಗಳನ್ನು ತೋರಿಸಲೆಂದು ಟಿ.ವಿ.ಯ ಯೂಟ್ಯೂಬಿನಲ್ಲಿ ನನ್ನ ಸ್ವಂತ ಖಾತೆಯನ್ನು ತೆರೆದೆ. ಕಾರ್ಯಕ್ರಮ ಮುಗಿಯಿತು, ಟಿ.ವಿ. ಆರಿಸಿ ಊರಿಗೆ ಮರಳಿದೆ. ತಿಂಗಳ ನಂತರ ಮತ್ತೆ ಅಲ್ಲಿಗೆ ಹೋದಾಗ ಮೇಲ್ವಿಚಾರಕಿಯವರು ಸಂಕೋಚದಿಂದಲೇ, "ಸರ್, ಈಗ ಆರೋಗ್ಯ ಹೇಗಿದೆ? ಕಲ್ಲು ಕರಗಿತೇ?" ಎಂದು ವಿಚಾರಿಸಿದರು. ಮೂತ್ರಪಿಂಡದ ಕಲ್ಲಿನ ಬಗ್ಗೆ ನಾನು ಮನೆಯಲ್ಲಿ ಮೊಬೈಲಿನಲ್ಲಿ ಹುಡುಕಿ ನೋಡಿದ್ದೆಲ್ಲವೂ ಇಡೀ ತಿಂಗಳು ಗ್ರಂಥಾಲಯದ ಪರದೆಯ ಮೇಲೆ ಕಾಣಿಸಿಕೊಂಡಿತ್ತು. ನಗೆಯಲ್ಲಿ ಮುಗಿದ ಪ್ರಸಂಗವಿದು. ಆದರೆ ಅದೇ ಖಾತೆಯಲ್ಲಿ ನಾನು ನೋಡಿದ್ದು ಮಕ್ಕಳು ಕಾಣಬಾರದ ವಿಷಯವಾಗಿದ್ದರೆ, ಅಥವಾ ನನ್ನ ಬ್ಯಾಂಕ್ ಕಾರ್ಡ್ ಅದಕ್ಕೆ ಜೋಡಣೆಯಾಗಿದ್ದರೆ, ಯಾರೂ ನಗುತ್ತಿರಲಿಲ್ಲ.

ಹೀಗೇಕಾಗುತ್ತದೆ ಎಂಬುದನ್ನು ತಿಳಿಯೋಣ. ನಾವು ಒಮ್ಮೆ ಪಾಸ್‌ವರ್ಡ್ ಕೊಟ್ಟಾಗ ಸೇವಾ ಸಂಸ್ಥೆಯು ಆ ಸಾಧನಕ್ಕೆ ಒಂದು ಪ್ರವೇಶ ಚೀಟಿಯನ್ನು ನೀಡುತ್ತದೆ. ಅದು ಬಸ್ ಪಾಸಿನಂತೆ. ಪಾಸು ಕೈಯಲ್ಲಿರುವವರೆಗೆ ನಿರ್ವಾಹಕರು ಮತ್ತೆ ಹಣ ಕೇಳುವುದಿಲ್ಲ. ಟಿ.ವಿ. ಆರಿಸಿದರೂ, ವಿದ್ಯುತ್ ಹೋದರೂ ಆ ಚೀಟಿ ಅಳಿಯುವುದಿಲ್ಲ. ಖಾತೆಯಿಂದ ಹೊರಬಂದಾಗ ಅಥವಾ ಖಾತೆದಾರರು ಬೇರೆಡೆಯಿಂದ ಆ ಸಾಧನವನ್ನು ತೆಗೆದುಹಾಕಿದಾಗ ಅದು ರದ್ದಾಗುತ್ತದೆ. ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಎಲ್ಲ ಸಾಧನಗಳೂ ಹೊರಬೀಳುತ್ತವೆ ಎಂದು ನಂಬಿ ಕುಳಿತುಕೊಳ್ಳುವಂತಿಲ್ಲ. ಸಾಧನಗಳ ಪಟ್ಟಿಯನ್ನು ತೆರೆದು ಕಣ್ಣಾರೆ ನೋಡತಕ್ಕದ್ದು.

ಈ ಪಟ್ಟಿಯನ್ನು ನೋಡುವುದು ಕಷ್ಟವೇನಲ್ಲ. ಗೂಗಲ್ ಖಾತೆಯ ಭದ್ರತಾ ವಿಭಾಗದಲ್ಲಿ 'ನಿಮ್ಮ ಸಾಧನಗಳು' ಎಂಬ ಭಾಗವಿದೆ. ನೆಟ್‌ಫ್ಲಿಕ್ಸ್ 2022ರಿಂದ ಇಂತಹುದೇ ಪುಟವೊಂದನ್ನು ನೀಡಿದೆ. ಯಾವ ಸಾಧನದಲ್ಲಿ, ಯಾವ ಸ್ಥಳದಿಂದ, ಯಾವಾಗ ಖಾತೆ ಬಳಕೆಯಾಯಿತು ಎಂಬುದು ಅಲ್ಲಿ ಕಾಣುತ್ತದೆ. ಪರಿಚಯವಿಲ್ಲದ ಸಾಧನ ಕಂಡರೆ ಅದನ್ನು ಅಲ್ಲಿಂದಲೇ ಹೊರಹಾಕಿ, ಪಾಸ್‌ವರ್ಡ್ ಬದಲಿಸಬೇಕು. ಹಳೆಯ ಟಿ.ವಿ. ಅಥವಾ ಮೊಬೈಲ್ ಮಾರುವ ಮುನ್ನವೂ ಇದೇ ಕೆಲಸ ಆಗಬೇಕು.

ಇನ್ನು ಕೆಲವು ಸೇವೆಗಳಲ್ಲಿ ಮೊಬೈಲ್ ಸಂಖ್ಯೆ ಮತ್ತು ಅದಕ್ಕೆ ಬರುವ ಒ.ಟಿ.ಪಿ.ಯೇ ಬೀಗದ ಕೈ. ಟಿ.ವಿ.ಯ ಮೇಲೆ ಕಾಣುವ ಸಂಕೇತ ಸಂಖ್ಯೆಯನ್ನು ಮೊಬೈಲಿನಲ್ಲಿ ನಮೂದಿಸಿ ಖಾತೆ ತೆರೆಯುವ ಪದ್ಧತಿಯೂ ಇದೆ. ಬೇರೊಬ್ಬರು ಕಳುಹಿಸಿದ ಸಂಕೇತವನ್ನು ನಾವು ನಮೂದಿಸಿದರೆ ತೆರೆಯುವುದು ಅವರ ಟಿ.ವಿ., ಆದರೆ ಖಾತೆ ನಮ್ಮದು. ಈ ಜೋಡಣೆಗೆ ಯೂಟ್ಯೂಬ್ ಹಣ ಪಡೆಯುವುದಿಲ್ಲ. 'ಸಕ್ರಿಯಗೊಳಿಸಲು ಶುಲ್ಕ ಪಾವತಿಸಿ' ಎಂದು ಕರೆ ಮಾಡುವವರು ವಂಚಕರೆಂದೇ ತಿಳಿಯಬೇಕು.

ಸದಸ್ಯರು ಒಳ್ಳೆಯ ಮನಸ್ಸಿನಿಂದ ತಮ್ಮ ಮನೆಯ ಪಾವತಿ ಖಾತೆಯನ್ನು ಅರಿವು ಕೇಂದ್ರಕ್ಕೆ ಕೊಡುವುದುಂಟು. ಇದು ಸರಿಯಾದ ಕ್ರಮವಲ್ಲ. ನೆಟ್‌ಫ್ಲಿಕ್ಸ್ ಖಾತೆಯು ಒಂದೇ ಮನೆಯಲ್ಲಿ ವಾಸಿಸುವವರಿಗೆ ಮಾತ್ರ ಎಂಬ ನಿಯಮವನ್ನು ಆ ಸಂಸ್ಥೆ ಭಾರತದಲ್ಲಿ 2023ರ ಜುಲೈ ತಿಂಗಳಿಂದ ಜಾರಿಗೆ ತಂದಿದೆ. ನಿಯಮದ ಮಾತು ಹಾಗಿರಲಿ, ಮನೆಯ ಖಾತೆಯ ಜೊತೆಗೆ ಮನೆಯವರ ಖಾಸಗಿ ವಿವರಗಳೂ ಸಾರ್ವಜನಿಕ ಸ್ಥಳಕ್ಕೆ ಬಂದುಬಿಡುತ್ತವೆ.

ಮಕ್ಕಳ ವಿಷಯಕ್ಕೆ ಬರೋಣ. ಕೇಂದ್ರ ಸರ್ಕಾರದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಒ.ಟಿ.ಟಿ. ಸಂಸ್ಥೆಗಳು ತಮ್ಮ ಕಾರ್ಯಕ್ರಮಗಳನ್ನು ಎಲ್ಲರಿಗೂ, 7 ವರ್ಷ, 13 ವರ್ಷ, 16 ವರ್ಷ ಮೇಲ್ಪಟ್ಟವರಿಗೆ ಹಾಗೂ ವಯಸ್ಕರಿಗೆ ಎಂದು ಐದು ಬಗೆಯಾಗಿ ವಿಂಗಡಿಸಬೇಕು. 13 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ವರ್ಗಗಳಿಗೆ ಪೋಷಕರು ಬೀಗ ಹಾಕುವ ಸೌಲಭ್ಯ ಒದಗಿಸಬೇಕು. ಬೀಗ ಒದಗಿಸುವುದು ಸಂಸ್ಥೆಯ ಹೊಣೆ, ಆದರೆ ಅದನ್ನು ಹಾಕಬೇಕಾದವರು ನಾವು. ಮನೆಯಲ್ಲಿ ಮಕ್ಕಳಿಗೆ ಪ್ರತ್ಯೇಕ ಪ್ರೊಫೈಲ್ ರಚಿಸಿ, ದೊಡ್ಡವರ ಪ್ರೊಫೈಲಿಗೆ ಪಿನ್ ಇಡಬಹುದು. ಅರಿವು ಕೇಂದ್ರದ ಯೂಟ್ಯೂಬಿನಲ್ಲಿ 'ನಿರ್ಬಂಧಿತ ಮೋಡ್' ಆನ್ ಮಾಡಬಹುದು. ಅದು ಎಲ್ಲವನ್ನೂ ತಡೆಯಲಾರದು. ಆದ್ದರಿಂದ ಮೇಲ್ವಿಚಾರಕರ ಕಣ್ಗಾವಲಿಗೆ ಅದು ಪರ್ಯಾಯವಲ್ಲ.

ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದ ಅಂಶವೊಂದಿದೆ. ಪಂಚಾಯತಿಯ ಬಳಕೆಗೆಂದು ತೆರೆದ ಖಾತೆಗೆ ಆಗಿನ ಅಧಿಕಾರಿಯ ಅಥವಾ ಸದಸ್ಯರ ಸ್ವಂತ ಮೊಬೈಲ್ ಸಂಖ್ಯೆಯನ್ನು ಕೊಟ್ಟಿರುತ್ತೇವೆ. ಅವರು ವರ್ಗಾವಣೆಯಾದ ಮೇಲೆ ಒ.ಟಿ.ಪಿ. ಅವರ ಮೊಬೈಲಿಗೇ ಹೋಗುತ್ತದೆ. ಅವರು ಆ ಸಂಖ್ಯೆಯನ್ನೇ ಬಿಟ್ಟರೆ, 90 ದಿನಗಳ ಬಳಿಕ ಅದು ಅಪರಿಚಿತರೊಬ್ಬರಿಗೆ ಹಂಚಿಕೆಯಾಗಬಹುದು. ಅಲ್ಲಿಗೆ ಪಂಚಾಯತಿಯ ಖಾತೆಯ ಬೀಗದ ಕೈ ಮೂರನೆಯವರ ಜೇಬು ಸೇರಿದಂತಾಯಿತು. ಪ್ರಭಾರ ಹಸ್ತಾಂತರಿಸುವಾಗ ಕಪಾಟಿನ ಬೀಗದ ಕೈ, ನಗದು ಪುಸ್ತಕ, ದಾಸ್ತಾನು ವಹಿಗಳನ್ನು ಎಣಿಸಿ ಒಪ್ಪಿಸುತ್ತೇವೆ. ಖಾತೆಗಳನ್ನೂ ಅದೇ ರೀತಿ ಒಪ್ಪಿಸಬೇಕು.

ಆದ್ದರಿಂದ ತಮ್ಮ ಮುಂದಿನ ಸಭೆಯಲ್ಲಿ ಈ ಐದು ಪ್ರಶ್ನೆಗಳನ್ನು ಕೇಳಬೇಕೆಂದು ವಿನಂತಿಸುತ್ತೇನೆ.

1. ಅರಿವು ಕೇಂದ್ರದ ಟಿ.ವಿ.ಯಲ್ಲಿ ಈಗ ತೆರೆದಿರುವ ಖಾತೆ ಯಾರದು? ಅದು ವ್ಯಕ್ತಿಯ ಸ್ವಂತದ್ದೇ, ಪಂಚಾಯತಿಯದೇ?
2. ಆ ಖಾತೆಗೆ ಜೋಡಣೆಯಾದ ಮೊಬೈಲ್ ಸಂಖ್ಯೆ ಯಾರ ಬಳಿ ಇದೆ? ಎರಡು ಹಂತದ ಪರಿಶೀಲನೆ ಆನ್ ಆಗಿದೆಯೇ?
3. ಸಾಧನಗಳ ಪಟ್ಟಿಯನ್ನು ಕೊನೆಯ ಬಾರಿ ನೋಡಿದ್ದು ಯಾವಾಗ?
4. ಖಾತೆಗೆ ಬ್ಯಾಂಕ್ ಕಾರ್ಡ್ ಅಥವಾ ಯು.ಪಿ.ಐ. ಸ್ವಯಂ ಪಾವತಿ ಜೋಡಣೆಯಾಗಿದೆಯೇ? ಆಗಿದ್ದರೆ ಅದನ್ನು ತೆಗೆಯುವವರು ಯಾರು?
5. ಪ್ರಭಾರ ಪಟ್ಟಿಯಲ್ಲಿ ಖಾತೆಗಳ ವಿವರ ಸೇರಿದೆಯೇ?

ಬೇರೊಬ್ಬರ ಪಾಸ್‌ವರ್ಡನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಸಿ ಕಲಮಿನ ಪ್ರಕಾರ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ 1 ಲಕ್ಷ ರೂಪಾಯಿಗಳವರೆಗೆ ದಂಡಕ್ಕೆ ಅರ್ಹವಾದ ಅಪರಾಧ. ಹಣ ಕಳೆದುಕೊಂಡವರು ನಾಚಿಕೆಯಿಂದ ಸುಮ್ಮನಿರದೆ ತಕ್ಷಣ 1930 ಸಹಾಯವಾಣಿಗೆ ಕರೆ ಮಾಡುವಂತೆ ತಮ್ಮ ವಾರ್ಡಿನ ಜನರಿಗೆ ತಿಳಿಸಬೇಕು. ದೂರು ಎಷ್ಟು ಬೇಗ ದಾಖಲಾಗುತ್ತದೆಯೋ ಹಣವನ್ನು ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.

ಅರಿವು ಕೇಂದ್ರದ ಬಾಗಿಲು ಎಲ್ಲರಿಗೂ ತೆರೆದಿರಲಿ. ಅಲ್ಲಿನ ಟಿ.ವಿ.ಯಲ್ಲಿ ಯಾರ ಖಾತೆ ತೆರೆದಿದೆ ಎಂಬುದು ಮಾತ್ರ ನಮಗೆ ಗೊತ್ತಿರಲಿ.