ಒಳಗ ಬಿಟ್ಟ ಅರಿವಿ



ಈ ಎರಡು ದಿನಗಳ ಕೂಟದ ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ‘ವಿನ್ಯಾಸಕಿ’ ಎಂದು ಅಚ್ಚಾಗಿದೆ. ನಾನಿರುವ ಬೀದಿಯಲ್ಲಿ ಆ ಪದ ನಡೆಯುವುದಿಲ್ಲ. ಅಲ್ಲಿ ನಾನು ಪೇಪರ್ ಕಟಿಂಗ್ ಅಕ್ಕ. ಮಕ್ಕಳ ಅಂಗಿ, ಚಡ್ಡಿ, ಲಂಗ, ಫ್ರಾಕುಗಳಿಗೆ ಕಾಗದದ ಮೇಲೆ ನಕ್ಷೆ ಬರೆಯುತ್ತೇನೆ, ಹೊಲಿಯುವ ಕ್ರಮವನ್ನು ಚಿತ್ರದಲ್ಲಿ ತೋರಿಸುತ್ತೇನೆ, ಎರಡನ್ನೂ ಮಡಚಿ ಲಕೋಟೆಗೆ ಹಾಕುತ್ತೇನೆ. ಇವತ್ತು ನಾಳೆ ನಾವೆಲ್ಲ ಕೂಡಿ ಬಿಚ್ಚಿ ನೋಡಬೇಕಾದದ್ದು ಆ ಲಕೋಟೆಯನ್ನೇ.

ಮದುವೆಯಾಗಿ ಚೆನ್ನೈಗೆ ಬಂದ ಹೊಸತು. ತಮಿಳು ಅರ್ಧಂಬರ್ಧ ತಿಳಿಯುತ್ತಿದ್ದ ಕಾಲ. ಟಿ. ನಗರದ ರಂಗನಾಥನ್ ಬೀದಿಯ ನೂಕುನುಗ್ಗಲು ತಪ್ಪಿಸಿಕೊಳ್ಳಲು ಪಕ್ಕದ ಗಲ್ಲಿಗೆ ಹೊಕ್ಕರೆ, ಒಬ್ಬ ತಾಯಿ ದರ್ಜಿಯ ಮುಂದೆ ಪಾವಾಡೆಯ ಬಟ್ಟೆ ಹರವಿ ಹೇಳುತ್ತಿದ್ದಳು: “ವಳರ್ರ ಪುಳ್ಳೆ, ಉಳ್ಳ ತುಣಿ ವಿಡುಂಗ.” ನನಗೆ ಅನುವಾದ ಬೇಕಾಗಲಿಲ್ಲ. ಬಾಗಲಕೋಟೆ ಕಡೆಯ ನಮ್ಮವ್ವ ಊರ ಸಿಂಪಿಗನಿಗೆ ವರ್ಷವರ್ಷವೂ ಹೇಳುತ್ತಿದ್ದ ಮಾತು ಅದು: “ಬೆಳಿಯೋ ಹುಡುಗಿ ಐತಿ, ಒಳಗ ಅರಿವಿ ಬಿಡ್ರಿ.”

ನನ್ನ ಇವತ್ತಿನ ಮಾತಿಗೆ ಇದೇ ಬೀಜ. ಒಳಗೆ ಬಿಟ್ಟ ಆ ಬಟ್ಟೆಯನ್ನು ನಮ್ಮ ನಕ್ಷೆಗಳು ಕತ್ತರಿಸಿ ಎಸೆದುಬಿಟ್ಟಿವೆ. ಅದನ್ನು ವಾಪಸು ಗೆರೆಗೆ ತರುವುದು ಹೇಗೆ?

ಅಳತೆಗೊಂದರಂತೆ ಸಿಗುವ ಕಾಗದದ ನಕ್ಷೆಯ ವ್ಯಾಪಾರ ಶುರುವಾದದ್ದೇ ಮಕ್ಕಳ ಬಟ್ಟೆಯ ತಾಪತ್ರಯದಿಂದ ಎಂಬುದನ್ನು ಎಷ್ಟೋ ಜನ ಮರೆತಿದ್ದಾರೆ. ಅಮೆರಿಕದ ಮಸಾಚುಸೆಟ್ಸ್‌ನ ಸ್ಟರ್ಲಿಂಗ್ ಎಂಬ ಊರಿನ ದರ್ಜಿ ಎಬೆನೀಜರ್ ಬಟರಿಕ್. ಅವನ ಹೆಂಡತಿ ಎಲೆನ್ ಮಗನಿಗಾಗಿ ಚೌಕುಳಿ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದೂ ಎಳೆದೂ ಬೇಸತ್ತು, ಬೇರೆ ಬೇರೆ ಅಳತೆಯ ನಕ್ಷೆ ಸಿದ್ಧವಾಗಿ ಸಿಗುವಂತಿದ್ದರೆ ಎಂದಳಂತೆ. 1863ರಲ್ಲಿ ಅವು ಮಾರಾಟಕ್ಕೆ ಬಂದವು. ಇಟಲಿಯ ಸೇನಾನಿ ಗ್ಯಾರಿಬಾಲ್ಡಿಯ ಸೈನಿಕರ ಉಡುಪನ್ನು ಹೋಲುವ ಹುಡುಗರ ಸೂಟು ಆರಂಭದ ದಿನಗಳ ಗೆಲುವು. ಅಂದಿನ ತೆಳುಕಾಗದದ ಮೇಲೆ ಅಚ್ಚಾದ ಗೆರೆಗಳೇ ಇರಲಿಲ್ಲ, ಬರೀ ತೂತುಗಳು. ಯಾವ ತೂತು ಯಾವುದರ ಗುರುತು ಎಂದು ಹೊಲಿಯುವವಳೇ ಬಿಡಿಸಿಕೊಳ್ಳಬೇಕು. ಅದು ಅಳತೆಯ ಸಮಸ್ಯೆಯನ್ನು ಬಗೆಹರಿಸಿತು, ನಿಜ. ಆದರೆ ಐದು ವರ್ಷಕ್ಕೊಂದು, ಆರು ವರ್ಷಕ್ಕೊಂದು ಎಂದು ಬೇರೆ ಬೇರೆ ನಕ್ಷೆ ಮಾಡಿದ ಗಳಿಗೆಯಲ್ಲೇ, ಐದರಿಂದ ಆರಕ್ಕೆ ಹೋಗುವ ಮಗು ಎರಡರ ನಡುವೆ ಜಾರಿತು.

ಮಗುವಿನ ಮೈ ದೊಡ್ಡವರ ಮೈಯನ್ನು ಜೆರಾಕ್ಸ್ ಯಂತ್ರದಲ್ಲಿ ಚಿಕ್ಕದು ಮಾಡಿದಂತೆ ಇರುವುದಿಲ್ಲ. ಹುಟ್ಟಿದಾಗ ತಲೆಯೇ ಮೈಯ ಕಾಲು ಭಾಗ. ದೊಡ್ಡವರಲ್ಲಿ ಅದು ಏಳೂವರೆಯಲ್ಲಿ ಒಂದು ಪಾಲು. ಎರಡು ವರ್ಷದ ಮಗುವಿಗೆ ಸೊಂಟವೆಂಬುದು ಇನ್ನೂ ಹುಟ್ಟಿರುವುದಿಲ್ಲ, ಹೊಟ್ಟೆ ಮುಂದಿರುತ್ತದೆ, ಹಾಗಾಗಿ ಫ್ರಾಕಿನ ಮುಂಭಾಗ ಹಿಂಭಾಗಕ್ಕಿಂತ ತುಸು ಉದ್ದ ಬೇಕು. ಬೇಡವೆಂದು ಸಮ ಕತ್ತರಿಸಿದರೆ ಮುಂದಿನ ಅಂಚು ಮೇಲೆದ್ದು ನಿಲ್ಲುತ್ತದೆ, ತಾಯಿ “ಹೊಲಿಗೆ ಸರಿಯಿಲ್ಲ” ಎನ್ನುತ್ತಾಳೆ. ಎತ್ತರಕ್ಕೆ ಮಕ್ಕಳ ಡಾಕ್ಟರುಗಳ ಒಂದು ಬಾಯಿಲೆಕ್ಕವಿದೆ: ಹುಟ್ಟಿದಾಗ 50 ಸೆಂ.ಮೀ., ಒಂದು ವರ್ಷ ತುಂಬಿದಾಗ 75, ನಾಲ್ಕು ತುಂಬಿದಾಗ 100. ಆಮೇಲೆ ವರ್ಷಕ್ಕೆ ಆರರ ಆಸುಪಾಸು. ಯುರೋಪಿನ ಮಕ್ಕಳ ಬಟ್ಟೆಯ ಸೈಜುಗಳು 98, 104, 110, 116 ಎಂದು ಆರಾರು ಸೆಂಟಿಮೀಟರಿಗೆ ಏರುವುದು ಇದಕ್ಕೆ ಸರಿಹೊಂದುತ್ತದೆ. ಅವರು ವಯಸ್ಸು ಕೇಳುವುದಿಲ್ಲ, ಎತ್ತರ ಕೇಳುತ್ತಾರೆ. ನಮ್ಮಲ್ಲಿ ಅಂಗಡಿಗೆ ಹೋದರೆ ಮೊದಲ ಪ್ರಶ್ನೆ “ಎಷ್ಟು ವರ್ಷದ ಮಗು?” ಎಂದೇ.

ಈಗ ನಮ್ಮವ್ವನ ಲಂಗದ ಗಣಿತ ನೋಡಿ. ಎತ್ತರ ವರ್ಷಕ್ಕೆ ಆರು ಬೆಳೆದರೆ ಸೊಂಟದಿಂದ ಕೆಳಗೆ ನಾಲ್ಕರ ಹತ್ತಿರ. ಒಂದು ಸೆಂಟಿಮೀಟರ್ ಆಳದ ಒಂದು ಮಡಿಕೆ ಎರಡು ಸೆಂಟಿಮೀಟರ್ ಬಟ್ಟೆ ನುಂಗುತ್ತದೆ. ಎರಡು ಮಡಿಕೆ ಬಿಚ್ಚಿದರೆ ಒಂದು ವರ್ಷ ಕೈಗೆ ಬಂತು. ಆರು ಮಡಿಕೆಯ ಲಂಗದಲ್ಲಿ ಮೂರು ಯುಗಾದಿ ಕೂತಿವೆ. ಅವ್ವನಿಗೆ ಸೆಂಟಿಮೀಟರ್ ಗೊತ್ತಿರಲಿಲ್ಲ, ಬೆರಳಲ್ಲಿ ಅಳೆದಳು. ಒಂದೇ ತೊಡಕು: ಬಿಚ್ಚಿದ ಜಾಗದ ಬಣ್ಣ ಮಾಸಿರುವುದಿಲ್ಲ, ಹೊಸದಾಗಿ ಹೊಳೆಯುತ್ತದೆ. ಆ ಪಟ್ಟೆಯ ಮೇಲೆ ಲೇಸು ಬಂತು. ಲೇಸು ಅಲಂಕಾರವೆಂದು ನಾನು ಬಹಳ ದಿನ ನಂಬಿದ್ದೆ!

ಇವತ್ತು ನನಗೆ ನಿಜವಾಗಿ ಚಿಂತೆ ಹಚ್ಚಿರುವುದು ಬೇರೆ. ನಮ್ಮ ಮಕ್ಕಳ ಅಳತೆ ಎಲ್ಲಿದೆ? ಫ್ಯಾಷನ್ ಶಿಕ್ಷಣದ ನಿಫ್ಟ್ ಸಂಸ್ಥೆ ಕೈಗೆತ್ತಿಕೊಂಡ ಇಂಡಿಯಾಸೈಜ್ ಸಮೀಕ್ಷೆ ಮೂರು ಆಯಾಮದ ಸ್ಕ್ಯಾನರ್ ಹಿಡಿದು 25,000 ಜನರನ್ನು ಅಳೆಯಲು ಹೊರಟದ್ದು ದೊಡ್ಡ ಕೆಲಸ. ಅದರ ವಯೋಮಿತಿ 15ರಿಂದ 65. ಹದಿನೈದರ ಕೆಳಗಿನವರು ಆ ಲೆಕ್ಕದ ಹೊರಗೆ. ಅವರ ಅಳತೆ ಸಿಗುವವರೆಗೆ ನಾನು ಕದಿಯುವುದು ವೈದ್ಯರಿಂದ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆಯ ಪಟ್ಟಿಗಳಿಗಾಗಿ ಆರು ದೇಶಗಳ ಮಕ್ಕಳನ್ನು ಅಳೆದರು, ದೆಹಲಿಯವರೂ ಇದ್ದಾರೆ. ಭಾರತೀಯ ಶಿಶುವೈದ್ಯರ ಅಕಾಡೆಮಿಯ 2015ರ ಪಟ್ಟಿ ಐದರಿಂದ ಹದಿನೆಂಟರವರೆಗೆ ಹೋಗುತ್ತದೆ. ವೈದ್ಯರು ರೋಗ ಹುಡುಕಲು ಅಳೆಯುವ ತಲೆಯ ಸುತ್ತಳತೆ ನನಗೆ ಕೊರಳು ಬರೆಯಲು ಬೇಕು. ಆದರೆ ಹೆಗಲಿನ ಅಗಲ, ಕಂಕುಳಿನ ಆಳ, ಕುಳಿತಾಗ ಸೊಂಟದಿಂದ ನೆಲಕ್ಕೆ ಇರುವ ದೂರ, ಇವು ಈ ಪಟ್ಟಿಗಳಲ್ಲಿ ಇಲ್ಲ. ತಮಿಳುನಾಡಿನಲ್ಲಿ ಸರ್ಕಾರ ಶಾಲೆಯ ಮಕ್ಕಳಿಗೆ ಕೊಡುವ ಸಮವಸ್ತ್ರವನ್ನು ಮಹಿಳಾ ಹೊಲಿಗೆ ಸಹಕಾರ ಸಂಘಗಳು ಹೊಲಿಯುತ್ತವೆ. ಅಷ್ಟು ಮಕ್ಕಳ ಬಟ್ಟೆ ಅಷ್ಟು ಹೆಂಗಸರ ಕೈಯಲ್ಲಿ ಹಾದುಹೋಗುತ್ತದೆ. ಆ ಕೈಗಳಿಗೆ ಗೊತ್ತಿರುವುದನ್ನು ಬರೆದಿಟ್ಟುಕೊಳ್ಳಲು ನಾಳಿನ ಗೋಷ್ಠಿಯಲ್ಲಿ ಯಾರಾದರೂ ಒಂದು ದಾರಿ ಹೇಳಲಿ ಎಂಬ ಆಸೆ ನನ್ನದು.

ನಾನು ಇವತ್ತು ಕೈಯಲ್ಲಿ ಒಂದು ಕುಂಚಿಗೆ ಹಿಡಿದು ಬಂದಿದ್ದೇನೆ. ಚೆನ್ನೈಯವರಿಗೆ ಇದು ಹೊಸದಿರಬಹುದು. ಉತ್ತರ ಕರ್ನಾಟಕದಲ್ಲಿ ತೊಟ್ಟಿಲಿಗೆ ಹಾಕುವ ದಿನ ಕೂಸಿಗೆ ಇದನ್ನು ತೊಡಿಸುತ್ತಾರೆ. ತಲೆ ಮುಚ್ಚುವ ಟೊಪ್ಪಿಗೆ, ಅದಕ್ಕೆ ನೆರಿಗೆ ಹಿಡಿದು ಜೋಡಿಸಿದ, ಬೆನ್ನ ಮೇಲೆ ಇಳಿಬೀಳುವ ಬಟ್ಟೆ. ಗುಳೇದಗುಡ್ಡದ ಖಣದಲ್ಲಿ ಹೊಲಿದದ್ದು. ಬಿಡಿಸಿ ನೋಡಿದರೆ ಎರಡು ಆಯತಗಳು, ಅಷ್ಟೇ. ಒಂದು ವಕ್ರರೇಖೆಯಿಲ್ಲ, ಒಂದು ಚೂರು ವ್ಯರ್ಥವಿಲ್ಲ. ಇದನ್ನು ಹೊಲಿದವರು ನಕ್ಷೆ ಬರೆಯಲಿಲ್ಲ. ನಕ್ಷೆ ಮಡಿಸುವುದರಲ್ಲೇ ಇತ್ತು. ಕೈಮಗ್ಗದ ಬಟ್ಟೆಗೆ ಕತ್ತರಿ ಹಾಕಲು ಮನಸ್ಸೇ ಬಾರದ ಜನ ಕಂಡುಕೊಂಡ ವಿನ್ಯಾಸ ಇದು. ಈಗ ‘ಝೀರೋ ವೇಸ್ಟ್’ ಎಂದು ಕಾಲೇಜುಗಳಲ್ಲಿ ಪಾಠ ಮಾಡುತ್ತಾರೆ, ಸಂತೋಷ. ಹಾಗೆಂದು ನಾನು ಹಳೆಯದನ್ನೆಲ್ಲ ಹೊತ್ತು ಕುಣಿಯುವವಳಲ್ಲ. ಗದ್ದದ ಕೆಳಗೆ ಕಟ್ಟುವ ಈ ಲಾಡಿಯನ್ನು ನೋಡಿ. ಅಮೆರಿಕದಲ್ಲಿ ಮಕ್ಕಳ ಟೊಪ್ಪಿಗೆಯ, ಕೊರಳಿನ ಲಾಡಿಗಳು ಜಾರುಬಂಡೆಗೆ, ಸೊಂಟದ ಲಾಡಿಗಳು ಬಸ್ಸಿನ ಬಾಗಿಲಿಗೆ ಸಿಕ್ಕಿ ಜೀವ ಹೋದ ಮೇಲೆ 1996ರಲ್ಲಿ ಸುರಕ್ಷತಾ ಮಾರ್ಗಸೂಚಿ ಬಂತು. ಯುರೋಪಿನ ಮಾನದಂಡ ಏಳು ವರ್ಷದೊಳಗಿನವರ ಟೊಪ್ಪಿಗೆ, ಕೊರಳುಗಳಲ್ಲಿ ಲಾಡಿಯನ್ನೇ ಒಪ್ಪುವುದಿಲ್ಲ. ತೊಡೆಯ ಮೇಲಿನ ಕೂಸಿಗೆ ಲಾಡಿ ಸರಿ, ಓಡುವ ಮಗುವಿಗೆ ಸಲ್ಲದು. ಹಾಗಾಗಿ ನನ್ನ ಕುಂಚಿಗೆ ನಕ್ಷೆಯಲ್ಲಿ ಲಾಡಿ ಹೋಗಿ ಒಂದು ಒತ್ತುಗುಂಡಿ ಬಂದಿದೆ. ನಮ್ಮವ್ವನಿಗೆ ಇದು ಇನ್ನೂ ಸರಿಬಂದಿಲ್ಲ.

ಇನ್ನು ಚಿತ್ರದ ಮಾತು. ಈ ಊರಿನಲ್ಲಿ ನಿಂತು ಮಕ್ಕಳ ಚಿತ್ರದ ಬಗ್ಗೆ ಮಾತಾಡುವಾಗ ವಡಪಳನಿಯ ‘ಚಂದಮಾಮ’ವನ್ನು ನೆನೆಯದೆ ಮುಂದೆ ಹೋಗಲಾಗದು. 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾದ ಪತ್ರಿಕೆ 1949ರಿಂದ ಕನ್ನಡದಲ್ಲೂ ಬಂತು. ನಮ್ಮ ಮನೆಗಳ ಮಕ್ಕಳು ಕಂಡ ರಾಜಕುಮಾರಿಯರು ಮದರಾಸಿನಲ್ಲಿ ಬಟ್ಟೆ ತೊಟ್ಟವರು. ಅದರ ಚಿತ್ರಕಾರರಾದ ಎಂ.ಟಿ.ವಿ. ಆಚಾರ್ಯ, ಚಿತ್ರಾ, ಶಂಕರ್, ಇವರ ಗೆರೆ ಗಮನಿಸಿ: ಧೋತರದ ಗಂಟು ಎಲ್ಲಿ ಬೀಳುತ್ತದೆ, ಕೂತಾಗ ಬಟ್ಟೆ ಮಂಡಿಯ ಮೇಲೆ ಹೇಗೆ ಬಿಗಿಯುತ್ತದೆ ಎಂಬುದು ಒಂದೇ ಎಳೆಯಲ್ಲಿ ಬಂದುಬಿಡುತ್ತದೆ. ಹೊಲಿಗೆಯ ಚಿತ್ರ ಬರೆಯುವವರಿಗೆ ನಾನು ಮೊದಲು ಕೊಡುವ ಪಾಠ ಆ ಹಳೆಯ ಸಂಚಿಕೆಗಳೇ.

ನಾವು ನಕಲು ಮಾಡುತ್ತಿರುವ ಲಕೋಟೆಗಳ ಮೇಲಿನ ಮಗು ಸದಾ ನಿಂತಿರುತ್ತದೆ, ಕೈ ಸೊಂಟದ ಮೇಲೆ. ಬಣ್ಣವೂ ನಮ್ಮದಲ್ಲ. ನಮ್ಮ ಮಗು ಊಟಕ್ಕೆ ಚಕ್ಕಲುಮುಕ್ಕಲು ಹಾಕಿ ಕೂರುತ್ತದೆ, ರಂಗೋಲಿಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತದೆ. ನಿಂತ ಮಗುವನ್ನು ನೋಡಿ ಕತ್ತರಿಸಿದ ಚಡ್ಡಿ ಕೂತಾಗ ಹಿಂದಿನಿಂದ ಜಾರುತ್ತದೆ. ಕೂತ ಮಗುವನ್ನು ಲಕೋಟೆಯ ಮೇಲೆ ಬರೆಯಲು ಶುರುಮಾಡಿದ ದಿನ ನನ್ನ ಚಡ್ಡಿಯ ನಕ್ಷೆಯೇ ಬದಲಾಯಿತು. ಹಿಂಭಾಗ ಎರಡು ಸೆಂಟಿಮೀಟರ್ ಮೇಲೇರಿತು. ಚಿತ್ರಕಾರರು ಕೊನೆಯಲ್ಲಿ ಬಂದು ಅಂದ ಮಾಡಿ ಹೋಗುವ ಪದ್ಧತಿಗೆ ನನ್ನ ತಕರಾರು ಇಲ್ಲಿದೆ. ಅವರು ಮೊದಲ ದಿನವೇ ಬರಬೇಕು, ಮಗುವಿನ ಜೊತೆ ನೆಲದ ಮೇಲೆ ಕೂರಬೇಕು.

ಚಿತ್ರದ ಜೊತೆಗಿನ ಸೂಚನೆಯ ಮಾತುಗಳ ವಿಷಯಕ್ಕೆ ಬಂದರೆ, ಮದರಾಸಿನ ಚೌಕುಳಿ ಬಟ್ಟೆಯದೇ ಒಂದು ಕಥೆ ಇದೆ. 1958ರಲ್ಲಿ ವಿಲಿಯಂ ಜೇಕಬ್‌ಸನ್ ಎಂಬ ಅಮೆರಿಕದ ವ್ಯಾಪಾರಿ ಬಟ್ಟೆ ರಫ್ತುದಾರ ಕ್ಯಾಪ್ಟನ್ ಕೃಷ್ಣನ್ ನಾಯರ್ ಅವರಿಂದ ಹತ್ತು ಸಾವಿರ ಗಜ ಕೊಂಡ. ತಣ್ಣೀರಲ್ಲಿ ಮೆಲ್ಲಗೆ ಒಗೆಯಬೇಕು ಎಂದು ನಾಯರ್ ಹೇಳಿದ್ದರು. ಆ ಮಾತು ಅಂಗಿಯ ಚೀಟಿಯ ಮೇಲೆ ಬರಲಿಲ್ಲ, ಬಣ್ಣ ಹರಿಯಿತು, ಗದ್ದಲವಾಯಿತು. ಕಡೆಗೆ ಬಣ್ಣ ಹರಿಯುವುದೇ ಇದರ ಗುಣ ಎಂದು ಜಾಹೀರಾತು ಕೊಟ್ಟು ಪಾರಾದರು. ಅಷ್ಟು ಜಾಣತನ ನಮಗಿಲ್ಲ. ನಮ್ಮ ಸೂಚನಾಪತ್ರದಲ್ಲಿ ಒಂದು ಸಾಲು ಬಿಟ್ಟುಹೋದರೆ ಬಟ್ಟೆ ಹಾಳು. 

ನನ್ನದೇ ಪ್ರಕರಣ ಕೇಳಿ. ಐದು ವರ್ಷದ ಮಗುವಿನ ತಲೆ 51 ಸೆಂ.ಮೀ. ಎಂದು, ಗುಂಡಿಯಿಲ್ಲದ ಫ್ರಾಕಿಗೆ 52ರ ಕೊರಳು ಬರೆದೆ. ಜಿಪುಣತನ ನನ್ನದೇ. ಅಚ್ಚಿಗೆ ಕೊಟ್ಟಲ್ಲಿ ಹಾಳೆಗೆ ಹೊಂದಿಸಲು ನೂರಕ್ಕೆ 96ರಷ್ಟಕ್ಕೆ ಇಳಿಸಿದರು. 52 ಹೋಗಿ 50ಕ್ಕೂ ಕಡಿಮೆಯಾಯಿತು. ಮೂಲೆಯಲ್ಲಿ ಐದು ಸೆಂಟಿಮೀಟರಿನ ಒಂದು ಚೌಕ ಹಾಕಿ, “ಮೊದಲು ಇದನ್ನು ಅಳೆಯಿರಿ” ಎಂದು ಬರೆದಿದ್ದರೆ ಸಾಕಿತ್ತು. ಹುಟ್ಟುಹಬ್ಬದ ದಿನ ಫ್ರಾಕು ಹಣೆಯಲ್ಲೇ ನಿಂತುಬಿಟ್ಟ ಆ ಮಗುವಿನ ಅಳು ಫೋನಿನಲ್ಲಿ ಕೇಳಿದ್ದೇನೆ. ಅಂದಿನಿಂದ ನನ್ನ ಪ್ರತಿ ಹಾಳೆಯಲ್ಲೂ ಆ ಚೌಕ ಇದೆ.

ಪದಗಳ ಬಗ್ಗೆ ಜಗಳ ಇವತ್ತು ಮಧ್ಯಾಹ್ನ ಹೇಗೂ ಆಗುತ್ತದೆ. ನೂಲಿನ ದಿಕ್ಕು ತೋರಿಸುವ ಗೆರೆಯ ಹೆಸರನ್ನು ‘ಗ್ರೇನ್‌ಲೈನ್’ ಎಂದೇ ಇಡೋಣ ಎನ್ನುವವರು ಇದ್ದಾರೆ. ಕಾಜಾ, ಬುಕ್ರಂ, ಪೈಪಿಂಗ್ ಇವು ಇರಲಿ, ದರ್ಜಿಯ ಬಾಯಲ್ಲಿ ನೆಲೆಸಿದ ಪದಗಳಿಗೆ ಪಂಡಿತರ ಕತ್ತರಿ ಬೇಡ. ಆದರೆ ನೇಕಾರನಿಗೆ ಹಾಸು, ಹೊಕ್ಕು ಎಂಬ ಎರಡು ಪದಗಳಿವೆ. ತಮಿಳಿನಲ್ಲಿ ಪಾವು, ಊಡೈ. ಎಲ್ಲದರಲ್ಲೂ ಹಾಸುಹೊಕ್ಕಾಗಿದೆ ಎಂದು ಭಾಷಣಗಳಲ್ಲಿ ಬಳಸಿ ಬಳಸಿ ಆ ನೂಲುಗಳನ್ನೇ ಮರೆತಿದ್ದೇವೆ. ನನ್ನ ನಕ್ಷೆಗಳಲ್ಲಿ ಬಾಣದ ಗುರುತಿನ ಪಕ್ಕ ‘ಹಾಸಿನ ಗೆರೆ’ ಎಂದಿದೆ. ಇದೇ ಚೆನ್ನೈಯ ತೂಲಿಕಾ ಪ್ರಕಾಶನದವರು ಒಂದೇ ಚಿತ್ರಕ್ಕೆ ಕನ್ನಡ, ತಮಿಳು ಸೇರಿ ಹಲವು ಭಾಷೆಗಳ ಮಾತು ಕೂಡಿಸಿ ಮಕ್ಕಳ ಪುಸ್ತಕ ತರುತ್ತಾರೆ. ಹೊಲಿಗೆಯ ಹಾಳೆಗೂ ಆ ದಾರಿ ತೆರೆದಿದೆ.

ಒಳಗೆ ಬಿಟ್ಟ ಬಟ್ಟೆಗೆ ನಾನು ಈಗ ಚುಕ್ಕೆಗೆರೆ ಬಳಸುತ್ತಿದ್ದೇನೆ. ಈ ವರ್ಷದ ಅಂಚು ಗಟ್ಟಿ ಗೆರೆ, ಮುಂದಿನ ವರ್ಷದ್ದು ಚುಕ್ಕೆ, ಅದರಾಚೆಯದು ಬಿಡಿಬಿಡಿ ಚುಕ್ಕೆ. ಇದಕ್ಕಿಂತ ಒಳ್ಳೆಯ ಗುರುತು ನಿಮ್ಮಲ್ಲಿ ಯಾರಿಗಾದರೂ ಹೊಳೆದಿದ್ದರೆ ಚಹಾದ ಹೊತ್ತಿಗೆ ಪೆನ್ಸಿಲ್ ಹಿಡಿದು ಬನ್ನಿ. ಕುಂಚಿಗೆಯನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಡುತ್ತೇನೆ. ಮುಟ್ಟಿ, ತಿರುವಿ, ಒಳಗನ್ನು ಹೊರಗೆ ಮಾಡಿ ನೋಡಿ. ಬಿಚ್ಚಬೇಡಿ ಮಾತ್ರ; ತಂಗಿಯಿಂದ ಎರವಲು ತಂದದ್ದು, ಮುಂದಿನ ತಿಂಗಳು ಅವಳ ಮೊಮ್ಮಗಳ ತೊಟ್ಟಿಲು ಇದೆ.