ಬೋಟಿನ ಟೀವಿಗೆ ಬೇರೆ ಬ್ಯಾಟರಿ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಎಂಜಿನಿಯರ್ ಆಗುವುದು ಹೇಗೆ ಎಂದು ಮಾತನಾಡಿ ಅಂತ ಸಮಿತಿಯವರು ಹೇಳಿದ್ದರು. ಅದು ನಿಮಗೆ ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತದೆ. ಅವರ ಅನುಮತಿ ಕೇಳಿಯೇ ವಿಷಯ ಬದಲಿಸಿದ್ದೇನೆ. ಇಲ್ಲಿ ಕುಳಿತವರಲ್ಲಿ ಹೆಚ್ಚಿನವರ ಮನೆಯಿಂದ ಯಾರಾದರೊಬ್ಬರು ಬೋಟಿಗೆ ಹೋಗುತ್ತಾರೆ. ಬೋಟಿನ ಕ್ಯಾಬಿನ್ನಿನಲ್ಲಿ ಒಂದು ಟೀವಿ, ಒಂದು ಸೌಂಡ್ ಸೆಟ್ಟು ಇರುತ್ತದೆ. ಅದಕ್ಕೆ ಕರೆಂಟು ಎಲ್ಲಿಂದ ಬರುತ್ತದೆ, ಎಲ್ಲಿಂದ ಬರಬಾರದು ಎಂಬುದೇ ಇವತ್ತಿನ ಮಾತು. ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠ ಇದಕ್ಕೆ ಸಾಕು. ನನ್ನ ಬಿ.ಇ. ಏನೂ ಬೇಕಾಗಿಲ್ಲ.

ಮೊದಲು ಒಂದು ಮಾತು. ಬೋಟಿನಲ್ಲಿ ಟೀವಿ ಯಾಕೆ, ದುಡಿಯಲು ಹೋದವರಿಗೆ ಸಿನಿಮಾ ಯಾಕೆ ಎಂದು ದಡದ ಮೇಲೆ ಕುಳಿತವರು ಕೇಳುವುದುಂಟು. ಆಳಸಮುದ್ರದ ಟ್ರಾಲ್ ಬೋಟು ಹೊರಟರೆ ಎಂಟು ಹತ್ತು ದಿನ ವಾಪಸಿಲ್ಲ. ಏಳೆಂಟು ಜನ ಒಂದು ಸಣ್ಣ ಕ್ಯಾಬಿನ್ನಿನಲ್ಲಿ ಇರಬೇಕು. ಮೊಬೈಲ್ ಸಿಗ್ನಲ್ ಮೊದಲ ದಿನವೇ ಹೋಗಿರುತ್ತದೆ. ಒಡಿಶಾ, ಆಂಧ್ರ, ಜಾರ್ಖಂಡ್ ಕಡೆಯಿಂದ ಬಂದ ಹುಡುಗರಿಗೆ ತಮ್ಮ ಭಾಷೆಯ ಹಾಡು ಕೇಳುವುದಕ್ಕೆ ಬೇರೆ ದಾರಿಯೇ ಇಲ್ಲ. ಡಿಶ್ ಟೀವಿ ಅಲ್ಲಿ ನಡೆಯುವುದಿಲ್ಲ, ಏಕೆಂದರೆ ತಟ್ಟೆ ಸುಮಾರು 36,000 ಕಿಲೋಮೀಟರ್ ದೂರದ ಉಪಗ್ರಹಕ್ಕೆ ನೇರ ಮುಖ ಮಾಡಿಯೇ ಇರಬೇಕು, ಬೋಟು ಒಂದು ಕ್ಷಣ ಸುಮ್ಮನಿರುವುದಿಲ್ಲ. ಹಾಗಾಗಿ ಪೆನ್‌ಡ್ರೈವೇ ಗತಿ. ಯಕ್ಷಗಾನ, ತುಳು ನಾಟಕ, ಹಳೆ ಸಿನಿಮಾ. ಅದು ಬೇಕು. ಬೇಡ ಎನ್ನುವ ಪಂಥದವನು ನಾನಲ್ಲ.

ನಾನು ಬಿ.ಇ. ಮೂರನೇ ವರ್ಷದಲ್ಲಿದ್ದಾಗ ನಡೆದದ್ದು ಹೇಳುತ್ತೇನೆ. ನನ್ನ ಮಾವ ಒಂದು ಬೋಟಿನ ತಾಂಡೇಲ. ಒಂದು ರಾತ್ರಿ ಬಲೆ ಎಳೆದು ಮುಗಿಸಿ, ಲಂಗರು ಹಾಕಿ, ಎಂಜಿನ್ ಬಂದ್ ಮಾಡಿ, ಎಲ್ಲರೂ ಎರಡು ಸಿನಿಮಾ ನೋಡಿ ಮಲಗಿದರು. ಬೆಳಗಿನ ಜಾವ ಗಾಳಿ ಎದ್ದಿತು. ಎಂಜಿನ್ ಚಾಲು ಮಾಡಲು ಹೋದರೆ 'ಟಿಕ್, ಟಿಕ್' ಅಷ್ಟೆ. ವಯರ್‌ಲೆಸ್ ಕೂಡ ಅದೇ ಬ್ಯಾಟರಿಯ ಮೇಲೆ, ಅದೂ ಸತ್ತಿತ್ತು. ಜಿ.ಪಿ.ಎಸ್. ಇಲ್ಲ. ಮಾಸ್ಟಿನ ಮೇಲಿನ ದೀಪವೂ ಇಲ್ಲ. ಹಡಗು ಹೋಗುವ ಕಡಲಿನಲ್ಲಿ ದೀಪವಿಲ್ಲದೆ, ಕೂಗಲು ಬಾಯಿಯೂ ಇಲ್ಲದೆ, ಕೈ ಟಾರ್ಚು ಬೀಸುತ್ತಾ ಬೆಳಗಾಗುವವರೆಗೆ ಕುಳಿತರು. ಬೇರೆ ಬೋಟೊಂದು ಕಂಡು ಹಗ್ಗ ಕೊಟ್ಟು ಎಳೆದು ತಂದಿತು. ಆ ಟ್ರಿಪ್ಪಿನ ಐಸು, ಡೀಸೆಲ್, ಎಲ್ಲ ನಷ್ಟ. ನಮ್ಮತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಬ್ಯಾಟರಿ ಹಾಳು, ಹೊಸದು ಹಾಕಬೇಕು ಎಂದು ಎಲ್ಲರೂ ಹೇಳಿದರು. ನಾನು ರಜೆಯಲ್ಲಿ ಬಂದಿದ್ದೆ, ಮೀಟರು ಹಿಡಿದು ಬೋಟಿಗೆ ಇಳಿದೆ. ಅದು 24 ವೋಲ್ಟಿನ ಎಂಜಿನ್. ಅಂದರೆ 12 ವೋಲ್ಟಿನ ಎರಡು ಬ್ಯಾಟರಿ ಸರಣಿಯಲ್ಲಿ. ಒಂದರಲ್ಲಿ 12.6 ವೋಲ್ಟ್ ಇದೆ, ಇನ್ನೊಂದರಲ್ಲಿ 11.2! ಬ್ಯಾಟರಿಯಲ್ಲಿ ಆರು ಸೆಲ್ಲು. ಪೂರ್ತಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿದ್ದರೆ ಸೆಲ್ಲಿಗೆ ಸುಮಾರು 2.1 ವೋಲ್ಟ್, ಒಟ್ಟು 12.6. ಸುಮಾರು 12.1 ಆದರೆ ಅರ್ಧ ಖಾಲಿ. 11.2 ಅಂದರೆ ಪೂರ್ತಿ ಬತ್ತಿದೆ. ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬ ಗಟ್ಟಿಯಾಗಿದ್ದಾನೆ, ಒಬ್ಬ ನೆಲ ಹಿಡಿದಿದ್ದಾನೆ ಎಂದರೆ ಕಾರಣ ಇರಲೇಬೇಕಲ್ಲ?

ವಯರ್ ಹಿಡಿದು ಹೋದಾಗ ಸಿಕ್ಕಿತು. ಟೀವಿಯ ಇನ್ವರ್ಟರ್ 12 ವೋಲ್ಟಿನದು. ಹಾಕಿದವರು ಕಾರಿಗೆ ಸ್ಟೀರಿಯೋ ಹಾಕುವ ಅಭ್ಯಾಸದವರು. ಎರಡರಲ್ಲಿ ಒಂದು ಬ್ಯಾಟರಿಯಿಂದ 12 ವೋಲ್ಟ್ ಎಳೆದುಕೊಂಡಿದ್ದರು. ಸುಲಭ ದಾರಿ, ಎಷ್ಟೋ ಬೋಟಿನಲ್ಲಿ ಹೀಗೇ ಇರುತ್ತದೆ. ಅದರಿಂದ ಆಗುವುದೇನು ನೋಡಿ. ಟೀವಿ ಒಂದನ್ನೇ ಬರಿದು ಮಾಡುತ್ತದೆ. ಹಗಲು ಎಂಜಿನ್ ಓಡುವಾಗ ಆಲ್ಟರ್ನೇಟರ್ ಎರಡಕ್ಕೂ ಸೇರಿಸಿ ಸುಮಾರು 28 ವೋಲ್ಟ್ ಕೊಡುತ್ತದೆ. ಸರಣಿ ಜೋಡಣೆಯಲ್ಲಿ ಎರಡರಲ್ಲೂ ಹರಿಯುವ ವಿದ್ಯುತ್ ಪ್ರವಾಹ ಒಂದೇ, ಇದು ನೀವು ಪರೀಕ್ಷೆಯಲ್ಲಿ ಬರೆದ ಉತ್ತರ. ಆದ್ದರಿಂದ ತುಂಬಿದ ಬ್ಯಾಟರಿ ಇನ್ನೂ ತುಂಬಿ ಕುದಿಯುತ್ತದೆ, ಖಾಲಿಯಾದದ್ದು ಎಂದೂ ತುಂಬುವುದಿಲ್ಲ. ಕೊನೆಗೆ ಎರಡೂ ಹೋಗುತ್ತವೆ. ಹೊಸ ಬ್ಯಾಟರಿ ಹಾಕಿದರೆ ಅದೂ ಅದೇ ಹಾದಿ.

ಎಂಜಿನ್ ಚಾಲು ಮಾಡುವ ಬ್ಯಾಟರಿಯ ಜಾತಿಯೇ ಬೇರೆ. ಅದರೊಳಗೆ ತೆಳ್ಳಗಿನ ಫಲಕಗಳು ತುಂಬ ಇರುತ್ತವೆ. ಕೆಲವೇ ಸೆಕೆಂಡು ನೂರಾರು ಆಂಪಿಯರ್ ಕೊಟ್ಟು ಸುಮ್ಮನಾಗುವುದು ಅದರ ಕೆಲಸ. ಗಂಟೆಗಟ್ಟಲೆ ನಿಧಾನವಾಗಿ ಬಸಿದರೆ ಅದು ಬೇಗ ಸಾಯುತ್ತದೆ. ನಮ್ಮ ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿಯ ಫಲಕ ದಪ್ಪ, ಅದು ನಿಧಾನವಾಗಿ ಕೊಡಲಿಕ್ಕೇ ಹುಟ್ಟಿದ್ದು. ಆದರೆ ತೂಗಾಡುವ ಬೋಟಿನಲ್ಲಿ ಆಸಿಡ್ ಚೆಲ್ಲುತ್ತದೆ. ಅಲ್ಲಿಗೆ ಅದೇ ಕೆಲಸದ ಸೀಲ್ ಮಾಡಿದ ಬ್ಯಾಟರಿ ವಾಸಿ. ಲಿಥಿಯಂ ಐರನ್ ಫಾಸ್ಫೇಟ್ ಇನ್ನೂ ಹಗುರ, ಇನ್ನೂ ಬಾಳಿಕೆ, ಬೆಲೆ ಮಾತ್ರ ಮೇಲೆ.

ಈಗ ಲೆಕ್ಕ. 32 ಇಂಚಿನ ಎಲ್.ಇ.ಡಿ. ಟೀವಿಗೆ 40 ವ್ಯಾಟ್ ಹಿಡಿಯಿರಿ. ಸೌಂಡ್ ಸೆಟ್ಟಿಗೆ 15. ಅಂಗಡಿಯ ಪೆಟ್ಟಿಗೆಯ ಮೇಲೆ ಸಾವಿರ ವ್ಯಾಟ್ ಎಂದು ಬರೆದಿರುತ್ತದಲ್ಲ, ಅದನ್ನು ನಂಬಬೇಡಿ. ಹಿಂದೆ ಹಾಕಿರುವ ಫ್ಯೂಸ್ ನೋಡಿ. 12 ವೋಲ್ಟಿಗೆ 10 ಆಂಪಿಯರ್ ಫ್ಯೂಸ್ ಇದ್ದರೆ ಅದು ಸತತವಾಗಿ 120 ವ್ಯಾಟಿಗಿಂತ ಹೆಚ್ಚು ಎಳೆಯಲಾರದು. ಸುಳ್ಳು ಹೇಳದ ಭಾಗ ಅದೊಂದೇ. ಒಟ್ಟು 55 ವ್ಯಾಟ್ ಆಯಿತು. ಇನ್ವರ್ಟರ್ ತನ್ನ ಪಾಲು ತಿನ್ನುತ್ತದೆ. ನೂರಕ್ಕೆ 85 ಮಾತ್ರ ಆಚೆ ಬರುತ್ತದೆ ಅಂದರೆ ಬ್ಯಾಟರಿಯಿಂದ ಹೋಗುವುದು 65 ವ್ಯಾಟ್. ಅದನ್ನು 12ರಿಂದ ಭಾಗಿಸಿ, ಸುಮಾರು ಐದೂವರೆ ಆಂಪಿಯರ್. ನಾಲ್ಕು ಗಂಟೆಗೆ 22 ಆಂಪಿಯರ್-ಗಂಟೆ. 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ ಅರ್ಧ ಮಾತ್ರ ನಮ್ಮದು, ಉಳಿದರ್ಧ ಮುಟ್ಟಿದರೆ ಅದರ ಆಯುಷ್ಯ ಇಳಿಯುತ್ತದೆ. ಎರಡು ರಾತ್ರಿಗೆ ಸಾಕು.

ಸಣ್ಣ ಟೀವಿಗೆ ಹಲವು ಸಲ ಹೊರಗಿನ ಅಡಾಪ್ಟರ್ ಇರುತ್ತದೆ. ಅದರ ಮೇಲೆ 'ಔಟ್‌ಪುಟ್ 12 ವೋಲ್ಟ್' ಎಂದಿದ್ದರೆ ಇನ್ವರ್ಟರೇ ಬೇಡ. 12ನ್ನು 230 ಮಾಡಿ, ಅಡಾಪ್ಟರಿನಲ್ಲಿ ಮತ್ತೆ 12 ಮಾಡುವುದೆಂದರೆ ಮಲ್ಪೆಯ ಬಂಗುಡೆಯನ್ನು ಮಂಗಳೂರಿಗೆ ಕಳಿಸಿ, ಅಲ್ಲಿಂದ ವಾಪಸು ತರಿಸಿ ಸಾರು ಮಾಡಿದ ಹಾಗೆ. ಆದರೆ ಚಾರ್ಜ್ ಆಗುವಾಗ ಬ್ಯಾಟರಿ 14.4ರವರೆಗೆ ಏರುತ್ತದೆ. ಆದ್ದರಿಂದ ನಡುವೆ 12ಕ್ಕೆ ಕಟ್ಟಿಹಾಕುವ ಒಂದು ಸಣ್ಣ ಕನ್ವರ್ಟರ್ ಇರಲಿ.

ಇನ್ನೊಂದು ದೂರು ಬೋಟಿನವರಿಂದ ಬಹಳ ಸಲ ಕೇಳಿದ್ದೇನೆ: ಬ್ಯಾಟರಿ ತುಂಬಿದೆ, ಆದರೂ ಇನ್ವರ್ಟರ್ 'ಕುಂಯ್' ಎಂದು ಕೂಗಿ ಬಂದ್ ಆಗುತ್ತದೆ. ತಪ್ಪು ಬ್ಯಾಟರಿಯದ್ದಲ್ಲ, ವಯರಿನದು. ಮನೆಗೆ ಹಾಕುವ 1.5 ಚದರ ಮಿಲಿಮೀಟರಿನ ತಾಮ್ರದ ವಯರ್ ತಂದು, ಎಂಜಿನ್ ಕೋಣೆಯಿಂದ ಕ್ಯಾಬಿನ್ನಿಗೆ 10 ಮೀಟರ್ ಎಳೆದಿದ್ದಾರೆ ಎನ್ನಿ. ಹೋಗಿ ಬರುವುದು 20 ಮೀಟರ್, ರೋಧ ಸುಮಾರು 0.24 ಓಮ್. 10 ಆಂಪಿಯರ್ ಹರಿದರೆ ಓಮನ ನಿಯಮದಂತೆ 2.4 ವೋಲ್ಟ್ ದಾರಿಯಲ್ಲೇ ಹೋಯಿತು. ಬ್ಯಾಟರಿಯಲ್ಲಿ 12.4 ಇದ್ದರೂ ಇನ್ವರ್ಟರಿಗೆ ಮುಟ್ಟುವುದು 10. ಮನೆಯಲ್ಲಿ ಅದೇ ವಯರಿನಲ್ಲಿ ಅಷ್ಟೇ ವ್ಯಾಟಿಗೆ 230 ವೋಲ್ಟಿನಲ್ಲಿ ಅರ್ಧ ಆಂಪಿಯರ್ ಹರಿಯುತ್ತದೆ, ಹಾಗಾಗಿ ನಮಗೆ ಗೊತ್ತೇ ಆಗುವುದಿಲ್ಲ. 10 ಚದರ ಮಿಲಿಮೀಟರಿನ ವಯರ್ ಹಾಕಿದರೆ ನಷ್ಟ ಅರ್ಧ ವೋಲ್ಟಿಗಿಂತ ಕಡಿಮೆ. ಹೋದ ವೋಲ್ಟ್ ಎಲ್ಲಿ ಹೋಯಿತು? ಬಿಸಿಯಾಗಿ ಹೋಯಿತು. ಸಡಿಲ ಜಾಯಿಂಟಿದ್ದರೆ ಬಿಸಿಯೆಲ್ಲ ಆ ಒಂದೇ ಕಡೆ. ಉಪ್ಪುಗಾಳಿಗೆ ತಾಮ್ರ ಹಸಿರು ಕಿಲುಬು ಹಿಡಿಯುತ್ತದೆ, ರೋಧ ಇನ್ನೂ ಏರುತ್ತದೆ. ಪಕ್ಕದಲ್ಲಿ ಡೀಸೆಲ್ ಟ್ಯಾಂಕು. ಅದಕ್ಕೇ ತವರ ಲೇಪಿಸಿದ ವಯರ್, ಒತ್ತಿ ಕೂರಿಸಿದ ಲಗ್ಗು, ಮತ್ತು ಬ್ಯಾಟರಿಯ ಪಾಸಿಟಿವ್ ತುದಿಯ ಹತ್ತಿರವೇ ಫ್ಯೂಸ್. ಟೀವಿ ಹತ್ತಿರ ಫ್ಯೂಸ್ ಹಾಕಿದರೆ ನಡುವಿನ 10 ಮೀಟರಿಗೆ ಕಾವಲಿಲ್ಲ.

ಮಾವನ ಬೋಟಿನಲ್ಲಿ ನಾವು ಮಾಡಿದ್ದು ಇಷ್ಟೆ. ಎಂಜಿನ್ನಿನ ಎರಡು ಬ್ಯಾಟರಿಗೆ ಟೀವಿಯ ಸಂಬಂಧವನ್ನೇ ಕಡಿದು ಹಾಕಿದೆವು. ಮೂರನೆಯದೊಂದು 100 ಆಂಪಿಯರ್-ಗಂಟೆಯ ಬ್ಯಾಟರಿ ಕ್ಯಾಬಿನ್ನಿನ ಮಂಚದ ಅಡಿಗೆ, ಮೇಲೆ 100 ವ್ಯಾಟಿನ ಸೋಲಾರ್ ಫಲಕ. ಒಳ್ಳೆಯ ಬಿಸಿಲಿನ ದಿನ ಅದು ಸುಮಾರು 30 ಆಂಪಿಯರ್-ಗಂಟೆ ತುಂಬಿಸುತ್ತದೆ, ಟೀವಿಗೆ ಬೇಕಾದದ್ದು 22. ಸೂರ್ಯ ಕೊಟ್ಟಷ್ಟು ಸಿನಿಮಾ. ನಡುವಿನ ಕಂಟ್ರೋಲರ್ ಬ್ಯಾಟರಿ 11.6ಕ್ಕೆ ಇಳಿದರೆ ಟೀವಿ ಕಡಿಯುತ್ತದೆ, ಮತ್ತೆ 12.6 ಆದ ಮೇಲೆಯೇ ಕೊಡುತ್ತದೆ. ಎರಡು ಅಂಕಿ ಯಾಕೆ ಎಂದು ಒಬ್ಬ ಖಲಾಸಿ ಕೇಳಿದ, ಜಾಣ ಪ್ರಶ್ನೆ. ಟೀವಿ ಬಂದ್ ಆದ ಕೂಡಲೇ ಭಾರ ಇಳಿದು ವೋಲ್ಟ್ ತಾನಾಗಿ ಸ್ವಲ್ಪ ಏರುತ್ತದೆ. ಒಂದೇ ಅಂಕಿ ಇಟ್ಟರೆ ಟೀವಿ ರಾತ್ರಿಯಿಡೀ ಹತ್ತಿ ಆರಿ ಮಾಡುತ್ತಿರುತ್ತದೆ. ಆಫೀಸಿನಲ್ಲಿ ನಾನು ಬರೆಯುವ ಎಷ್ಟೋ ಪ್ರೋಗ್ರಾಮುಗಳಲ್ಲೂ ಇದೇ ಯುಕ್ತಿ ಇರುತ್ತದೆ, ಸಂಬಳ ಮಾತ್ರ ಅದಕ್ಕೆ ಹೆಚ್ಚು.

ಮೊದಲ ಟ್ರಿಪ್ಪಿನಿಂದ ಬಂದ ಮಾವ ಬೈದರು: "ಕ್ಲೈಮ್ಯಾಕ್ಸಿಗೇ ಬಂದ್ ಆಯ್ತಲ್ಲ ಮಾಣಿ!" ಮೋಡದ ದಿನ ಇರಬೇಕು. ಎಂಜಿನ್ ಮಾತ್ರ ಒಂದೇ ಕೀಲಿಗೆ ಚಾಲು ಆಗಿತ್ತು.

ಎರಡು ಸಣ್ಣ ಮಾತು ಉಳಿದಿದೆ. ಸ್ಪೀಕರಿನ ಹಿಂದೆ ದೊಡ್ಡ ಅಯಸ್ಕಾಂತ ಇರುತ್ತದೆ. ಅದನ್ನು ದಿಕ್ಸೂಚಿಯ ಹತ್ತಿರ ಇಟ್ಟರೆ ಮುಳ್ಳು ಸ್ಪೀಕರನ್ನೇ ಉತ್ತರ ಎಂದು ತಿಳಿಯುತ್ತದೆ. ಜಿ.ಪಿ.ಎಸ್. ಇರುವಾಗ ಯಾರಿಗೂ ಗೊತ್ತಾಗುವುದಿಲ್ಲ, ಅದು ಕೈಕೊಟ್ಟ ದಿನ ಗೊತ್ತಾಗುತ್ತದೆ. ಹಾಗೆಯೇ ಹಾಡಿನ ಸದ್ದು ವಯರ್‌ಲೆಸ್ಸಿನ ಸದ್ದನ್ನು ಮುಚ್ಚಬಾರದು.

ಇನ್ನು ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಅರ್ಧ ಖಾಲಿಯಾದ ಸೀಸದ ಬ್ಯಾಟರಿಯನ್ನು ಆ ಎರಡು ತಿಂಗಳು ಹಾಗೆಯೇ ಬಿಟ್ಟರೆ ಫಲಕದ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಏನು ಮಾಡಿದರೂ ಪೂರ್ತಿ ತುಂಬುವುದಿಲ್ಲ. ಕಳಚಿ ಮನೆಗೆ ತಂದು, ಪೂರ್ತಿ ಚಾರ್ಜ್ ಮಾಡಿ, ತಿಂಗಳಿಗೊಮ್ಮೆ ಮತ್ತೆ ತುಂಬಿಸಿ. ಆಗಸ್ಟಿನಲ್ಲಿ ಬೋಟು ಇಳಿಸುವ ಮೊದಲು ಒಂದೊಂದರ ವೋಲ್ಟನ್ನೂ ಬೇರೆ ಬೇರೆ ಅಳೆದು ಚೀಟಿಯಲ್ಲಿ ಬರೆದು ಅಪ್ಪನಿಗೆ ಕೊಡಿ. ಅಳೆಯಲು ಮಲ್ಟಿಮೀಟರ್ ನಮ್ಮ ಶಾಲೆಯ ಲ್ಯಾಬಿನಲ್ಲಿಯೇ ಇದೆ. ವಿಜ್ಞಾನದ ಮೇಷ್ಟ್ರನ್ನು ಕೇಳಿದೆ, ಶನಿವಾರ ಮಧ್ಯಾಹ್ನ ಕೊಡುತ್ತಾರಂತೆ, ಸೋಮವಾರ ವಾಪಸು ತಂದಿಡಬೇಕು.