ತಪ್ಪು ಕೈಯದೋ, ಯಂತ್ರದ್ದೋ?

(ಸಂಕೇಶ್ವರದಲ್ಲಿ ಮಾಡಿದ ಭಾಷಣ)



ಗಿರಣಿಯಲ್ಲಾಗಲಿ, ಸಕ್ಕರೆ ಕಾರ್ಖಾನೆಯಲ್ಲಾಗಲಿ ಅಪಘಾತವಾದರೆ ಮೊದಲು ಕೇಳಿಬರುವ ಮಾತು ಒಂದೇ: “ಕೆಲಸಗಾರನ ಅಜಾಗರೂಕತೆ.” ಅಲ್ಲಿಗೆ ವಿಚಾರ ಮುಗಿದಂತೆ. ಈ ಮಾತನ್ನು ನಾವು ಇಂದು ಒರೆಗೆ ಹಚ್ಚಿ ನೋಡೋಣ.

1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ವಿಮಾನವು ಬೆಂಗಳೂರಿನ ನಿಲ್ದಾಣವನ್ನು ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. 146 ಜನರಲ್ಲಿ 92 ಜನ ಮಡಿದರು. ಅದು ಹೊಸ ಮಾದರಿಯ ಏರ್‌ಬಸ್ ಎ-320. ಬಹುಪಾಲು ಗಣಕಯಂತ್ರವೇ ನಡೆಸುವಂಥದು. ಇಂಜಿನ್ನುಗಳು ಕೆಟ್ಟಿರಲಿಲ್ಲ, ಕನಿಷ್ಠ ಶಕ್ತಿಯಲ್ಲಿ ಓಡುತ್ತಿದ್ದವು. ಇಳಿಯುವಾಗ ವೇಗ ಕುಂದಿತು. ಚಾಲಕರು ಎಚ್ಚೆತ್ತಾಗ ಹೊತ್ತು ಮೀರಿತ್ತು. ನ್ಯಾಯಮೂರ್ತಿ ಶಿವಶಂಕರ ಭಟ್ಟರ ವಿಚಾರಣೆಯು ಮುಖ್ಯ ಹೊಣೆಯನ್ನು ಚಾಲಕರ ಮೇಲೆಯೇ ಹೊರಿಸಿತು.

ಚಾಲಕರು ತಪ್ಪಿದರೆನ್ನೋಣ. ಆದರೆ ಏಕೆ ತಪ್ಪಿದರು? ಎತ್ತರವನ್ನು ಗೊತ್ತುಮಾಡುವ ಗುಂಡಿ ಮತ್ತು ಇಳಿಯುವ ವೇಗವನ್ನು ಗೊತ್ತುಮಾಡುವ ಗುಂಡಿ ಒಂದೇ ಫಲಕದಲ್ಲಿ ಹತ್ತಿರ ಹತ್ತಿರ ಇದ್ದವು. ಒಂದರ ಬದಲು ಇನ್ನೊಂದನ್ನು ತಿರುಗಿಸಿರಬಹುದೆಂದು ಆ ವಿಚಾರಣೆಯೇ ಊಹಿಸಿತು. ಇನ್ನೊಂದು ಮಾತು. ಹಿಂದಿನ ಎಷ್ಟೋ ವಿಮಾನಗಳಲ್ಲಿ ಯಂತ್ರ ತಾನಾಗಿ ಶಕ್ತಿ ಇಳಿಸಿದರೆ ಹಿಡಿಕೆಯೂ ಹಿಂದೆ ಸರಿಯುತ್ತಿತ್ತು. ಕೈಗೇ ಸುದ್ದಿ ಮುಟ್ಟುತ್ತಿತ್ತು. ಎ-320ರಲ್ಲಿ ಹಿಡಿಕೆ ಕದಲುವುದಿಲ್ಲ. ಗೋಕಾಕ ಫಾಲ್ಸಿನ ಹಳೆಯ ಗಿರಣಿ ಬಂಧುಗಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಯಂತ್ರದ ಸದ್ದು ಬದಲಾದರೆ ಸಾಕು, ಕೈ ತಾನಾಗಿ ಹಿಡಿಕೆಗೆ ಹೋಗುತ್ತದೆ.

ವ್ಯಾಪಾರಿ ಮಿತ್ರರಿಗೂ ಇದು ಹೊಸದಲ್ಲ. ಚಿಮಣಿ ಎಣ್ಣೆ, ಶೇಂಗಾ ಎಣ್ಣೆ ಎರಡನ್ನೂ ಒಂದೇ ತರದ ಡಬ್ಬಿಗಳಲ್ಲಿ ಅಕ್ಕಪಕ್ಕ ಇಟ್ಟು, ಆಳು ತಪ್ಪಿ ಅಳೆದನೆಂದು ಬಯ್ದರೆ ಯಾರು ಒಪ್ಪುತ್ತಾರೆ?

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ವಿಮಾನಗಳ ಚಾಲಕರು ನೆಲಕ್ಕಿಳಿದ ಮೇಲೆ ರೆಕ್ಕೆಯ ಪಟ್ಟಿಯ ಬದಲು ಗಾಲಿಗಳನ್ನೇ ಮಡಿಚಿಬಿಡುತ್ತಿದ್ದರು. ಎರಡಕ್ಕೂ ಒಂದೇ ತರದ ಹಿಡಿ, ಪಕ್ಕಪಕ್ಕದಲ್ಲಿ. ಆಲ್ಫಾನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞರು ಚಾಲಕರಿಗೆ ಉಪದೇಶ ಮಾಡಲಿಲ್ಲ. ಒಂದು ಹಿಡಿಗೆ ಪುಟ್ಟ ಗಾಲಿಯ ಆಕಾರ, ಇನ್ನೊಂದಕ್ಕೆ ಬೆಣೆಯ ಆಕಾರ ಕೊಡಿಸಿದರು. ಕತ್ತಲಲ್ಲೂ ಕೈಗೆ ಗುರುತು ಸಿಕ್ಕಿತು.

ದಣಿದ ಮನುಷ್ಯ ತಪ್ಪುತ್ತಾನೆ. ಇದು ಗೊತ್ತಿದ್ದೂ ತಪ್ಪಿಗೆ ದಾರಿ ಮಾಡಿಕೊಡುವ ಯಂತ್ರ ಕಟ್ಟಿದವನೂ, ಅದನ್ನು ಕೊಂಡವನೂ ಹೊಣೆಗಾರರೇ. ಭೋಪಾಲದ ದುರಂತದ ನಂತರ, 1987ರಲ್ಲಿ, ಕಾರ್ಖಾನೆ ಕಾಯದೆಗೆ ತಿದ್ದುಪಡಿಯಾಗಿ ಅಪಾಯಕಾರಿ ಕಾರ್ಖಾನೆಗಳ ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕರಿಗೆ ಆಡಳಿತದಷ್ಟೇ ಸ್ಥಾನಗಳು ಬಂದವು. ಸ್ಥಾನವೆಂದರೆ ಹಾಜರಿ ಹಾಕುವುದಷ್ಟೇ ಅಲ್ಲ. ಹೊಸ ಯಂತ್ರ ಬರುವ ಮೊದಲೇ, ರಾತ್ರಿ ಪಾಳಿಯಲ್ಲಿ ಅದರ ಮುಂದೆ ನಿಲ್ಲುವವನನ್ನು ಕೇಳಬೇಕು: ದೀಪ ಎಲ್ಲಿರಲಿ? ಹಿಡಿ ಹೇಗಿರಲಿ? ಇದು ನಾವು ಬೇಡುವ ದಯೆಯಲ್ಲ, ನಮ್ಮ ಹಕ್ಕು.